ಕೈ ತೋರಿಸಿದರೆ ನಿಲ್ಲುವ ರೈಲು

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ರೈಲು ಸುರಂಗಕ್ಕೆ ನುಗ್ಗಿದ ಕೂಡಲೇ ಎದ್ದು ಹೋಗಿ, ಎರಡೂ ಅಂಗೈಯನ್ನು ಕಣ್ಣಿನ ಪಕ್ಕಕ್ಕೆ ಮರೆ ಹಿಡಿದು, ಹಣೆಯನ್ನು ಗಾಜಿಗೆ ಒತ್ತಿ ಹೊರಗಿನ ಕತ್ತಲನ್ನು ನೋಡುವುದು. ಕೋಲಾರದವನು ನಾನು. ಬಂಗಾರಪೇಟೆಯಿಂದ ದಿನಾ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಸಾವಿರಾರು ಜನರಲ್ಲಿ ಒಬ್ಬ. ಟ್ಯಾಕಲ್, ಮಾಲೂರು, ವೈಟ್‌ಫೀಲ್ಡ್ ದಾರಿಯಲ್ಲಿ ಸುರಂಗ ಎಲ್ಲಿದೆ? ಹಾಗಾಗಿ ಈ ಚಾಳಿಗೆ ಸಿಗುವುದು ಮೆಟ್ರೋ ಮಾತ್ರ. ಮೆಜೆಸ್ಟಿಕ್‌ನಿಂದ ಕಬ್ಬನ್ ಪಾರ್ಕ್ ತನಕ ನಾಲ್ಕು ಸ್ಟೇಷನ್ ನೆಲದ ಕೆಳಗೆ. ಹೋದ ತಿಂಗಳು ಅಲ್ಲೇ ಹಣೆ ಒತ್ತಿಕೊಂಡು ನಿಂತಿದ್ದೆ. ಪಕ್ಕದಲ್ಲಿ ಸ್ಕೂಲ್ ಬ್ಯಾಗ್ ಹಾಕಿಕೊಂಡಿದ್ದ ಹುಡುಗ ಕೇಳಿದ, ‘ಅಂಕಲ್, ಹೊರಗಡೆ ಏನಿದೆ?’ ಏನೂ ಇಲ್ಲ ಅಂದೆ. ‘ಮತ್ತೆ ಯಾಕೆ ನೋಡ್ತಿದೀರಾ?’ ಅಂದ. ಉತ್ತರ ಇರಲಿಲ್ಲ. ಅವನ ಅಮ್ಮ ಅವನನ್ನು ಸ್ವಲ್ಪ ಆಚೆಗೆ ಎಳೆದುಕೊಂಡರು. ಅವರದ್ದೂ ತಪ್ಪಲ್ಲ ಬಿಡಿ.

ನಿಜಕ್ಕೂ ಅಲ್ಲಿ ಏನೂ ಇಲ್ಲ. ಆ ಸುರಂಗದಲ್ಲಿ ರೈಲು ಓಡಲು ಶುರುವಾಗಿದ್ದೇ 2016ರಲ್ಲಿ. ಸ್ಟೇಷನ್ ಒಂದು ಹುಟ್ಟಿ, ಜನ ಬರದೆ ಸೊರಗಿ, ಬಾಗಿಲು ಹಾಕಿಕೊಂಡು ಪಾಳು ಬೀಳುವಷ್ಟು ವಯಸ್ಸು ನಮ್ಮ ಮೆಟ್ರೋಗೆ ಇನ್ನೂ ಆಗಿಲ್ಲ. ನಾನು ಹುಡುಕುತ್ತಿರುವುದು ಅಂಥ ಸ್ಟೇಷನ್. ಈ ಹುಚ್ಚು ಹತ್ತಿದ್ದು ಲಂಡನ್ನಿನಲ್ಲಿ. ಹತ್ತಿಸಿದ್ದು ನನ್ನ ತಂಗಿಯ ಗಂಡ.

ಎರಡು ವರ್ಷದ ಹಿಂದೆ ತಂಗಿಯ ಬಾಣಂತನಕ್ಕೆ ಅಮ್ಮ ಹೊರಟಳು. ಎಪ್ಪತ್ತು ದಾಟಿದೆ, ಒಬ್ಬಳೇ ವಿಮಾನ ಹತ್ತಲಾರೆ ಅಂದಳು. ಬಿಟ್ಟು ಬರಲು ಅಂತ ನಾನೂ ಮೂರು ವಾರ ರಜೆ ಹಾಕಿ ಹೋದೆ. ಎರಡು ಸೂಟ್‌ಕೇಸಿನ ತುಂಬ ರಾಗಿ ಹಿಟ್ಟು, ಹುರುಳಿಕಾಳು, ಬಾಣಂತಿ ಲೇಹ್ಯ. ನನ್ನ ಬಟ್ಟೆಗೆ ಉಳಿದದ್ದು ಒಂದು ಮೂಲೆ. ತಂಗಿಯ ಮನೆ ಹೌನ್ಸ್ಲೋದಲ್ಲಿ. ಅವಳು ಕೆಲಸಕ್ಕೆ ಹೋಗುವುದು ಹೋಬರ್ನ್ ಹತ್ತಿರ. ಎರಡೂ ಲಂಡನ್ ಮೆಟ್ರೋದ ಪಿಕಡಿಲಿ ಲೈನಿನ ಮೇಲೇ ಇವೆ. ಆ ಲೈನಿನಲ್ಲಿ ಅವಳು ಆರು ವರ್ಷದಿಂದ ಓಡಾಡುತ್ತಿದ್ದಳು. ಒಂದು ರಾತ್ರಿ ಊಟ ಮಾಡುವಾಗ ಅವಳ ಗಂಡ ಹೇಳಿದ, ‘ಭಾವ, ನಾಳೆ ಹೈಡ್ ಪಾರ್ಕ್ ಕಾರ್ನರ್ ಬಿಟ್ಟ ಮೇಲೆ ಕಿಟಕೀಲಿ ನೋಡಿ. ಮಧ್ಯ ಒಂದು ಸ್ಟೇಷನ್ ಇದೆ. ಮ್ಯಾಪಲ್ಲಿ ಇಲ್ಲ.’ ತಂಗಿ ನಕ್ಕಳು. ‘ಆರು ವರ್ಷದಿಂದ ಹೋಗ್ತಿದೀನಿ, ನಂಗೇ ಕಂಡಿಲ್ಲ. ಇವರದ್ದು ಸುಮ್ನೆ ಕತೆ.’

ಗಾಜಿನಾಚೆ ಇಟ್ಟಿಗೆ ಗೋಡೆ

ಹೌನ್ಸ್ಲೋ ಕಡೆಯಿಂದ ಹೊರಟ ರೈಲು ಬ್ಯಾರನ್ಸ್ ಕೋರ್ಟ್ ತನಕ ಬಯಲಲ್ಲೇ ಓಡುತ್ತದೆ. ಮನೆಗಳ ಹಿತ್ತಿಲು, ಒಣಹಾಕಿದ ಬಟ್ಟೆ, ಮಕ್ಕಳ ಜೋಕಾಲಿ ಎಲ್ಲ ಕಾಣುತ್ತವೆ. ಅಮ್ಮನಿಗೆ ಇದೇ ಖುಷಿ. ‘ಇವರೂ ಒಳಚಡ್ಡಿ ಹಿತ್ತಿಲಲ್ಲೇ ಒಣಗಿಸ್ತಾರೆ ಕಣೋ’ ಅಂದಳು. ಬ್ಯಾರನ್ಸ್ ಕೋರ್ಟ್ ಬಿಟ್ಟಮೇಲೆ ರೈಲು ನೆಲದೊಳಕ್ಕೆ ಇಳಿಯುತ್ತದೆ. ಕತ್ತಲಾಯಿತು, ಸದ್ದು ಜಾಸ್ತಿಯಾಯಿತು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಆ ಬೋಗಿಗಳೇನೂ ಹೊಸವಲ್ಲ, 1970ರ ದಶಕದವು. ಕಿಟಕಿ ಗಡಗಡ ಅನ್ನುತ್ತವೆ.

ಮೊದಲನೇ ಸಲ ನೋಡಿದಾಗ ಗಾಜಿನಲ್ಲಿ ಕಂಡದ್ದು ನನ್ನದೇ ಮೂಗು. ಎರಡನೇ ಸಲ ಅಂಗೈ ಮರೆ ಮಾಡಿದೆ. ಗಾಜು ನನ್ನ ಉಸಿರಿಗೆ ಮಂಜಾಯಿತು. ಮೂರನೇ ದಿನ ಉಸಿರು ಬಿಗಿಹಿಡಿದು ನಿಂತೆ. ಸುರಂಗದ ಗೋಡೆ ಅಂದರೆ ಎರಕದ ಕಬ್ಬಿಣದ ಬಳೆಗಳು. ಒಂದರ ಪಕ್ಕ ಒಂದು ಜೋಡಿಸಿ ಬಿಗಿದಿರುತ್ತಾರೆ. ರೈಲು ಓಡುವಾಗ ಅವು ಯಾವುದೋ ದೊಡ್ಡ ಪ್ರಾಣಿಯ ಪಕ್ಕೆಲುಬಿನ ಹಾಗೆ ಸರಸರ ಹಿಂದೆ ಹೋಗುತ್ತವೆ. ಹೈಡ್ ಪಾರ್ಕ್ ಕಾರ್ನರ್ ಬಿಟ್ಟ ಸ್ವಲ್ಪ ಹೊತ್ತಿಗೆ ಆ ಪಕ್ಕೆಲುಬು ನಿಂತುಹೋಯಿತು. ಸದ್ದು ಬದಲಾಯಿತು. ಕಿರಿದಾದ ಓಣಿಯಿಂದ ಗಾಡಿ ಅಂಗಳಕ್ಕೆ ಬಂದಾಗ ಆಗುತ್ತದಲ್ಲ, ಹಾಗೆ. ಗಾಜಿನಾಚೆ ಚಪ್ಪಟೆ ಇಟ್ಟಿಗೆ ಗೋಡೆ, ಮಸಿ ಹಿಡಿದಿದೆ. ಮಧ್ಯೆ ಒಂದು ಕಪ್ಪು ಸಂದು. ನಾಲ್ಕೋ ಐದೋ ಸೆಕೆಂಡು. ಮತ್ತೆ ಪಕ್ಕೆಲುಬು. ಗ್ರೀನ್ ಪಾರ್ಕ್ ಬಂತು.

ಅದು ಡೌನ್ ಸ್ಟ್ರೀಟ್ ಸ್ಟೇಷನ್. 1907ರಲ್ಲಿ ತೆರೆದದ್ದು, 1932ರಲ್ಲಿ ಮುಚ್ಚಿದ್ದು. ಅದಿದ್ದದ್ದು ಮೇಫೇರ್ ಅನ್ನುವ ದುಡ್ಡಿದ್ದವರ ಬೀದಿಗಳ ನಡುವೆ. ಅವರಿಗೆ ಸ್ವಂತ ಗಾಡಿ ಇದ್ದವು, ನೆಲದ ಕೆಳಗೆ ಇಳಿದು ಯಾರ ಭುಜಕ್ಕೋ ಭುಜ ತಾಗಿಸಿಕೊಂಡು ಹೋಗುವ ಅಗತ್ಯ ಇರಲಿಲ್ಲ. ಆಚೆ ಈಚೆ ಎರಡು ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. ಆ ಹೊತ್ತಿಗೆ ಪಿಕಡಿಲಿ ಲೈನನ್ನು ಎರಡೂ ತುದಿಯಲ್ಲಿ ಊರಾಚೆಗೆ ಬೆಳೆಸುತ್ತಿದ್ದರು. ದೂರದಿಂದ ಬರುವವರಿಗೆ ಬೇಗ ತಲುಪಬೇಕು. ಪ್ರತಿ ನಿಲುಗಡೆಗೂ ಬ್ರೇಕ್ ಹಾಕು, ಬಾಗಿಲು ತೆಗೆ, ಮುಚ್ಚು, ಮತ್ತೆ ವೇಗ ಹಿಡಿ. ಇದರಲ್ಲೇ ಎಷ್ಟು ಹೊತ್ತು ಹೋಗುತ್ತದೆ. ಹಾಗಾಗಿ ನಡುವಿನ ಸಣ್ಣವಕ್ಕೆ ಕತ್ತರಿ ಬಿತ್ತು. ಅದೇ 1932ರಲ್ಲಿ ಕಿಂಗ್ಸ್ ಕ್ರಾಸ್ ಆಚೆಯ ಯಾರ್ಕ್ ರೋಡ್ ಹೋಯಿತು. 1934ರಲ್ಲಿ ನೈಟ್ಸ್‌ಬ್ರಿಜ್ ಪಕ್ಕದ ಬ್ರಾಂಪ್ಟನ್ ರೋಡ್ ಹೋಯಿತು. ಅದಂತೂ ಮುಚ್ಚುವ ಮೊದಲೇ ಅರ್ಧ ಸತ್ತಿತ್ತು, ಎಷ್ಟೋ ರೈಲು ಅಲ್ಲಿ ನಿಲ್ಲದೆ ಹೋಗುತ್ತಿದ್ದವು. ಆದರೆ ಹತ್ತಿರ ಇರುವುದೇ ತಪ್ಪು ಅನ್ನುವ ಹಾಗೂ ಇಲ್ಲ. ಅದೇ ಲೈನಿನಲ್ಲಿ ಲೆಸ್ಟರ್ ಸ್ಕ್ವೇರ್‌ನಿಂದ ಕೋವೆಂಟ್ ಗಾರ್ಡನ್‌ಗೆ ಸುಮಾರು 260 ಮೀಟರ್ ಅಷ್ಟೇ. ಅವೆರಡೂ ಇವತ್ತಿಗೂ ಗಿಜಿಗಿಜಿ ಅನ್ನುತ್ತಿವೆ. ಹತ್ತುವ ಜನ ಇದ್ದರೆ ಕೂಗಳತೆ ದೂರಕ್ಕೂ ರೈಲು ನಿಲ್ಲುತ್ತದೆ.

ಒಂದು ಕಂಡಮೇಲೆ ಬಿಡುವುದುಂಟೇ? ಅಮ್ಮ ಮಗುವಿಗೆ ಎಣ್ಣೆ ಹಚ್ಚುವ ಹೊತ್ತಿಗೆ ನಾನು ದಿನದ ಪಾಸ್ ತೆಗೆದು ಹೊರಟುಬಿಡುತ್ತಿದ್ದೆ. ಸೆಂಟ್ರಲ್ ಲೈನಿನಲ್ಲಿ ಹೋಬರ್ನ್ ಮತ್ತು ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಡುವೆ ಬ್ರಿಟಿಷ್ ಮ್ಯೂಸಿಯಂ ಸ್ಟೇಷನ್ ಇತ್ತು, 1900ರಿಂದ 1933ರ ತನಕ. ಪ್ಲಾಟ್‌ಫಾರ್ಮ್ ಕಿತ್ತುಹಾಕಿದ್ದಾರೆ. ಕಣ್ಣು ಚುರುಕಾಗಿದ್ದರೆ ಬಿಳಿ ಟೈಲ್ಸ್ ಮಿಂಚಿ ಮಾಯವಾಗುತ್ತದೆ. ಅಲ್ಲಿ ಈಜಿಪ್ಟಿನ ಮಮ್ಮಿಯ ದೆವ್ವ ಓಡಾಡುತ್ತೆ ಅಂತ ಲಂಡನ್ನಿನವರೂ ಹೇಳಿಕೊಳ್ಳುತ್ತಾರೆ. (ನಮ್ಮ ಕಡೆ ಹುಣಸೆಮರದ ದೆವ್ವಕ್ಕಿಂತ ಇದೇನೂ ಹೆಚ್ಚಿನದಲ್ಲ.) ನಾರ್ದರ್ನ್ ಲೈನಿನ ಸೌತ್ ಕೆಂಟಿಷ್ ಟೌನ್‌ನದು ಬೇರೆ ಕತೆ. 1924ರಲ್ಲಿ ವಿದ್ಯುತ್ ಕೇಂದ್ರದವರು ಮುಷ್ಕರ ಹೂಡಿದರು. ಕರೆಂಟ್ ಸಾಲದೆ ತಾತ್ಕಾಲಿಕವಾಗಿ ಅಂತ ಬಾಗಿಲು ಹಾಕಿದರು. ಮುಷ್ಕರ ಮುಗಿಯಿತು, ಬಾಗಿಲು ತೆಗೆಯಲೇ ಇಲ್ಲ. ಯಾರೂ ಕೇಳಲಿಲ್ಲ ಅಂತ ಕಾಣುತ್ತದೆ. ಆಲ್ಡ್‌ವಿಚ್ ಮಾತ್ರ ನಮ್ಮ ಕಾಲದ್ದು, 1994ರಲ್ಲಿ ಹೋಯಿತು. ಲಿಫ್ಟ್ ಹಳೆಯದಾಗಿತ್ತು, ಬದಲಿಸಲು ತಗಲುವ ಖರ್ಚಿಗೆ ತಕ್ಕ ಜನ ಇರಲಿಲ್ಲ. ಈಗ ಸಿನಿಮಾ ಶೂಟಿಂಗಿಗೆ ಕೊಡುತ್ತಾರೆ.

ಒಂದು ಭಾನುವಾರ ಅಮ್ಮನನ್ನೂ ಕರೆದುಕೊಂಡು ಡೌನ್ ಸ್ಟ್ರೀಟ್ ಬೀದಿಗೇ ಹೋದೆ, ಮೇಲಿನಿಂದ ನೋಡೋಣ ಅಂತ. ಕಟ್ಟಡ ಹಾಗೇ ಇದೆ. ಲೆಸ್ಲಿ ಗ್ರೀನ್ ಅನ್ನುವವರ ವಿನ್ಯಾಸ. ಕೆಲವೇ ವರ್ಷದಲ್ಲಿ ಇಂಥ ಹತ್ತಾರು ಸ್ಟೇಷನ್ ಕಟ್ಟಿಸಿ, 1908ರಲ್ಲಿ ಮೂವತ್ತಮೂರನೇ ವಯಸ್ಸಿಗೇ ತೀರಿಕೊಂಡರು. ಎಲ್ಲಕ್ಕೂ ಮುಂಭಾಗ ಹೊಳೆಯುವ ಕಡುಗೆಂಪು ಟೈಲ್ಸ್, ಮೇಲೆ ಅರ್ಧಚಂದ್ರದ ಕಿಟಕಿ. ಒಮ್ಮೆ ಗುರುತು ಹಿಡಿದರೆ ಆಮೇಲೆ ಅವು ಎಲ್ಲಿದ್ದರೂ ಕಣ್ಣಿಗೆ ಬೀಳುತ್ತವೆ. ಅಮ್ಮ ಟೈಲ್ಸ್ ಮೇಲೆ ಕೈಯಾಡಿಸಿದಳು. ‘ನಮ್ಮ ಹಳೇ ಮನೆ ರೆಡಾಕ್ಸೈಡ್ ನೆಲದ ಬಣ್ಣ.’ ಆಮೇಲೆ ಕೇಳಿದಳು, ‘ಇದು ಮುಚ್ಚಿದ ಮೇಲೆ ಇಲ್ಲಿ ಹತ್ತೋರು ಏನು ಮಾಡಿದ್ರು?’

ಅದಕ್ಕೆ ಉತ್ತರ ಗೊತ್ತಿತ್ತು, ಹಿಂದಿನ ರಾತ್ರಿ ಓದಿಕೊಂಡಿದ್ದೆ. ಎರಡನೇ ಮಹಾಯುದ್ಧದಲ್ಲಿ ದೇಶದ ರೈಲುಗಳನ್ನೆಲ್ಲ ನಡೆಸುವ ಸಮಿತಿಯ ಕಚೇರಿ ಈ ಮುಚ್ಚಿದ ಸ್ಟೇಷನ್ನಿನೊಳಗೆ ಇತ್ತು. ಬಾಂಬ್ ಬೀಳುತ್ತಿದ್ದ 1940ರ ಕೊನೆಯಲ್ಲಿ ಪ್ರಧಾನಿ ಚರ್ಚಿಲ್ ಕೂಡ ಕೆಲವು ರಾತ್ರಿ ಇಲ್ಲೇ ಮಲಗಿದ್ದರು. ರೈಲಿನ ಕಡೆಗೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು ಆಗ. ನಾನು ಗಾಜಿನಾಚೆ ಕಂಡದ್ದು ಅದೇ ಗೋಡೆ. ಆದರೆ ಪ್ಲಾಟ್‌ಫಾರ್ಮಿನ ಒಂದು ಗೇಣು ಜಾಗ ಹಾಗೇ ಬಿಟ್ಟಿದ್ದರು. ಒಳಗಿದ್ದ ಅಧಿಕಾರಿಗೆ ಎಲ್ಲಿಗಾದರೂ ಹೋಗಬೇಕಾದರೆ ಅಲ್ಲಿ ನಿಂತು ಕೆಂಪು ಸಿಗ್ನಲ್ ತೋರಿಸಬಹುದಿತ್ತು. ರೈಲು ನಿಲ್ಲುತ್ತಿತ್ತು. ಅವರು ಡ್ರೈವರ್ ಪಕ್ಕ ಹತ್ತಿಕೊಂಡು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು. ಹಿಂದಿನ ಬೋಗಿಯಲ್ಲಿ ಕೂತವರಿಗೆ ರೈಲು ಯಾಕೆ ನಿಂತಿತು ಅಂತ ಗೊತ್ತಾಗುತ್ತಿರಲಿಲ್ಲ.

ಅಮ್ಮ ಬೀದಿ ಮಧ್ಯೆ ನಿಂತು ನಕ್ಕಳು. ‘ಇದೇನು ದೊಡ್ಡದು? ನಮ್ಮಜ್ಜಿ ದಿನಾ ನಿಲ್ಲಿಸ್ತಿರಲಿಲ್ವಾ?’

ಮುಗಿದ ಲೆವೆಲ್ಲುಗಳು

ಅಜ್ಜಿಯ ವಿಷಯಕ್ಕೆ ಬರುವ ಮುಂಚೆ ದೊಡ್ಡಪ್ಪನ ವಿಷಯ ಹೇಳಿಬಿಡಬೇಕು. ರೈಲು ನೆಲದೊಳಗೆ ಇಳಿದಾಗ ಅಮ್ಮ ಕೈ ಹಿಡಿದುಕೊಂಡು ಅಂದದ್ದು, ‘ನಿಮ್ಮ ದೊಡ್ಡಪ್ಪ ಹಿಂಗೇ ಹೋಗ್ತಿದ್ರು.’ ದೊಡ್ಡಪ್ಪ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅದು ನೆಲದಿಂದ ಮೂರು ಕಿಲೋಮೀಟರಿಗೂ ಆಳ. ಲಂಡನ್ನಿನ ಅತಿ ಆಳದ ಸ್ಟೇಷನ್ ಹ್ಯಾಂಪ್‌ಸ್ಟೆಡ್, 58.5 ಮೀಟರ್. ತಂಗಿಯ ಗಂಡ ಹೆಮ್ಮೆಯಿಂದ ಆ ಅಂಕಿ ಹೇಳಿದಾಗ ನಾನು ಮರ್ಯಾದೆಗೆ ತಲೆಯಾಡಿಸಿದೆ.

ದೊಡ್ಡಪ್ಪನ ರೈಲು ಉದ್ದಕ್ಕೆ ಓಡುತ್ತಿರಲಿಲ್ಲ, ಕೆಳಕ್ಕೆ ಓಡುತ್ತಿತ್ತು. ಕೇಜ್ ಅನ್ನುತ್ತಿದ್ದರು. ಕಬ್ಬಿಣದ ಪಂಜರ, ಹಗ್ಗಕ್ಕೆ ಕಟ್ಟಿದ್ದು. ಅದಕ್ಕೂ ನಿಲುಗಡೆಗಳಿದ್ದವು, ಲೆವೆಲ್ ಅಂತ ಹೆಸರು. ಯಾವ ಲೆವೆಲ್ಲಿನಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಗಂಟೆ ಹೊಡೆಯುತ್ತಿದ್ದರು. ಚಿನ್ನ ಮುಗಿದ ಲೆವೆಲ್ಲಿನಲ್ಲಿ ಕೇಜ್ ನಿಲ್ಲುತ್ತಿರಲಿಲ್ಲ. ‘ಕತ್ತಲಲ್ಲಿ ಸರ್ ಅಂತ ಹೋಗಿಬಿಡೋದು. ಆದ್ರೂ ಮುಖಕ್ಕೆ ಗಾಳಿ ಬಡಿಯೋದು ನೋಡು, ಅದರಲ್ಲೇ ಗೊತ್ತಾಗೋದು ಇದು ಇಂಥ ಲೆವೆಲ್ಲು ಅಂತ. ನಾನು ಸೇರಿದ ವರ್ಷ ಅಲ್ಲೇ ಕೆಲಸ ಮಾಡಿದ್ದೆ’ ಅನ್ನುತ್ತಿದ್ದರು. ನಾನು ಆಗ ಚಿಕ್ಕವನು. ದೊಡ್ಡಪ್ಪ ಚಿನ್ನದ ಕತೆ ಹೇಳಲಿ ಅಂತ ಕಾಯುತ್ತಿದ್ದೆ. ಅವರು ಗಾಳಿಯ ಕತೆ ಹೇಳುತ್ತಿದ್ದರು. ಬೇಜಾರಾಗುತ್ತಿತ್ತು.

ಈಗ ಯೋಚಿಸಿದರೆ ಅವರು ಹೇಳಿದ್ದು ಇದನ್ನೇ. ಮುಚ್ಚಿದ ಸ್ಟೇಷನ್ನನ್ನು ಮೊದಲು ಹಿಡಿಯುವುದು ಕಣ್ಣಲ್ಲ. ಸದ್ದು ಬದಲಾಗುತ್ತದೆ, ಗಾಳಿ ಬದಲಾಗುತ್ತದೆ, ಆಮೇಲೆ ಕಣ್ಣು ಹುಡುಕುತ್ತದೆ. ಇನ್ನೊಂದು ವಿಷಯ. ಆ ಗಣಿಯನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಕೆಜಿಎಫ್‌ಗೆ ಕರೆಂಟ್ ತಂದರು. ಆಗ ಪಿಕಡಿಲಿ ಲೈನೇ ಹುಟ್ಟಿರಲಿಲ್ಲ, ಅದು ಶುರುವಾಗಿದ್ದು 1906ರಲ್ಲಿ. ಅವರ ಸುರಂಗಕ್ಕಿಂತ ಮೊದಲು ನಮ್ಮ ಸುರಂಗಕ್ಕೆ ಕರೆಂಟ್ ಬಂದಿತ್ತು ಅಂತ ನಾನು ತಂಗಿಯ ಗಂಡನಿಗೆ ಹೇಳಿ ಸೇಡು ತೀರಿಸಿಕೊಂಡೆ. ಲಂಡನ್ನಿನಲ್ಲಿ ಅದಕ್ಕೂ ಮೊದಲೇ, 1890ರಲ್ಲೇ ಒಂದು ವಿದ್ಯುತ್ ಸುರಂಗ ರೈಲು ಇತ್ತು ಅನ್ನುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಶುರುವಿನಲ್ಲಿ ಆ ಲೈನಿನ ಒಂದು ತುದಿಯಾಗಿದ್ದ ನಿಲ್ದಾಣ, ಕಿಂಗ್ ವಿಲಿಯಂ ಸ್ಟ್ರೀಟ್, ಹತ್ತೇ ವರ್ಷಕ್ಕೆ ಮುಚ್ಚಿತು. 1900ರಲ್ಲಿ.

ಗಣಿ 2001ರಲ್ಲಿ ನಿಂತಿತು. ಪಂಪುಗಳೂ ನಿಂತವು. ದೊಡ್ಡಪ್ಪ ಗಾಳಿಯಲ್ಲಿ ಗುರುತು ಹಿಡಿಯುತ್ತಿದ್ದ ಲೆವೆಲ್ಲುಗಳಲ್ಲಿ ಈಗ ನೀರು ನಿಂತಿದೆ.

ನಮ್ಮ ಚಿಕ್ಕ ರೈಲು

ಊರುಗಳಲ್ಲಿ ಅದನ್ನು ಚಿಕ್ಕ ರೈಲು ಅನ್ನುತ್ತಿದ್ದರು. ಎರಡೂವರೆ ಅಡಿ ಅಗಲದ ಹಳಿ. ಬೆಂಗಳೂರಿನ ಕಡೆಯಿಂದ ಯಲಹಂಕ, ದೇವನಹಳ್ಳಿ, ನಂದಿ ದಾಟಿ ಚಿಕ್ಕಬಳ್ಳಾಪುರ, ಅಲ್ಲಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಕೊನೆಗೆ ಬಂಗಾರಪೇಟೆ. ಇವು ದೊಡ್ಡ ಹೆಸರುಗಳು. ಇವುಗಳ ನಡುವೆ ಹಳ್ಳಿಗೊಂದು ಅನ್ನುವ ಹಾಗೆ ಹಾಲ್ಟ್‌ಗಳಿದ್ದವು. ಒಂದು ಕೋಣೆ, ಹೆಂಚಿನ ಸೂರು, ಟಿಕೆಟ್ ಕೊಡುವ ಗೂಡು, ಮುಂದೆ ಒಂದು ಕಲ್ಲು ಬೆಂಚು. ಕೆಲವು ಕಡೆ ರೈಲ್ವೆ ನೌಕರರೂ ಇರುತ್ತಿರಲಿಲ್ಲ. ಕಮಿಷನ್ ಮೇಲೆ ಟಿಕೆಟ್ ಮಾರುವ ಊರಿನವರೇ ಯಾರೋ.

ಅಮ್ಮನ ತವರಿನ ಹಾಲ್ಟ್ ಚಿಂತಾಮಣಿ ಸೀಮೆಯದು. ಹೆಸರು ಬರೆಯಬೇಡ ಅಂದಿದ್ದಾಳೆ, ಆ ಊರಲ್ಲಿ ಅವಳಿಗೆ ಒಂದು ಹಳೇ ಜಮೀನಿನ ಜಗಳ ಇದೆ. ಅಲ್ಲಿಂದ ಅಜ್ಜಿ, ಅಂದರೆ ಅಮ್ಮನ ಅಜ್ಜಿ, ರೇಷ್ಮೆ ಗೂಡು ತುಂಬಿದ ಬುಟ್ಟಿ ಹೊತ್ತು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗುತ್ತಿದ್ದರಂತೆ. ಗೂಡು ಬಿಡಿಸಿದ ಮೇಲೆ ಕಾಯುವ ಹಾಗಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದರೆ ಗೂಡು ದಂಡ. ಅಜ್ಜಿ ಮಾತ್ರ ಯಾವತ್ತೂ ತಡ. ಹಸು ಕರೆದು, ಕೋಳಿ ಬಿಟ್ಟು, ಪಕ್ಕದ ಮನೆಯವಳ ಹತ್ತಿರ ಜಗಳದ ಕೊನೆಯ ಮಾತು ಹೇಳಿ ಹೊರಡುವಷ್ಟರಲ್ಲಿ ರೈಲು ಹಾಲ್ಟ್ ಬಿಟ್ಟಿರುತ್ತಿತ್ತು. ಆಗ ಏಳೆಂಟು ವರ್ಷದ ಅಮ್ಮನನ್ನು ಮುಂದೆ ಓಡಿಸುತ್ತಿದ್ದರು. ‘ಹಳಿ ಪಕ್ಕ ನಿಂತ್ಕೊಂಡು ಕೈ ತೋರಿಸು ಹೋಗು.’ ಅಮ್ಮ ಕೈ ಎತ್ತುತ್ತಿದ್ದಳು. ಇಂಜಿನ್ ಡ್ರೈವರ್ ಬೈಯುತ್ತಲೇ ನಿಲ್ಲಿಸುತ್ತಿದ್ದ. ಹಿಂದಿನಿಂದ ಗಾರ್ಡ್ ಇಳಿದು ಬಂದು ತೆಲುಗಿನಲ್ಲಿ ಬೈಯುತ್ತಿದ್ದ. ಅಜ್ಜಿ ಅವನಿಗಿಂತ ಜೋರಾಗಿ ತೆಲುಗಿನಲ್ಲೇ ತಿರುಗಿಸಿ ಕೊಡುತ್ತಾ, ಬುಟ್ಟಿ ಮೇಲಕ್ಕೆತ್ತಿಸಿಕೊಂಡು, ಸೆರಗಿನ ಗಂಟಿನಿಂದ ಹುರಿದ ಕಡಲೆಕಾಯಿ ತೆಗೆದು ಅವನ ಕೈಗೆ ತುಂಬುತ್ತಿದ್ದರು. ಬೈಗುಳ ಅಲ್ಲಿಗೆ ಮುಗಿಯುತ್ತಿತ್ತು. ಈ ಕತೆಯನ್ನು ಅಮ್ಮ ನೂರು ಸಲ ಹೇಳಿದ್ದಾಳೆ. ಪ್ರತಿ ಸಲ ಕಡಲೆಕಾಯಿ ಜಾಸ್ತಿಯಾಗುತ್ತಾ ಹೋಗುತ್ತದೆ.

ಇಂಥ ಕತೆ ಕೇಳಿದ ಕೂಡಲೇ ‘ಅಯ್ಯೋ, ಆ ಕಾಲವೇ ಚೆನ್ನಾಗಿತ್ತು’ ಅನ್ನುವವರಿದ್ದಾರೆ. ನನಗೆ ಅದು ಆಗಿಬರುವುದಿಲ್ಲ. ಅಮ್ಮನಿಗೂ ಅಷ್ಟೇ. ಚಿಕ್ಕ ರೈಲು ಹೋಗುತ್ತಿದ್ದದ್ದು ಎತ್ತಿನ ಗಾಡಿಗಿಂತ ಒಂದು ಕೈ ಮೇಲು. ಕಲ್ಲಿದ್ದಲ ಕಿಡಿ ಹಾರಿ ಸೀರೆಗೆ ತೂತು ಬೀಳುತ್ತಿತ್ತು. ಖಾಸಗಿ ಬಸ್ಸುಗಳು ಬಂದ ವರ್ಷವೇ ಅಮ್ಮನ ಮನೆಯವರು ರೈಲು ಬಿಟ್ಟರು. ಅಜ್ಜಿಯೂ ಬಿಟ್ಟರು. ಬಸ್ಸು ಮನೆ ಬಾಗಿಲಲ್ಲಿ ನಿಲ್ಲುತ್ತಿತ್ತು, ಬುಟ್ಟಿಯನ್ನು ಕಂಡಕ್ಟರೇ ಟಾಪಿಗೆ ಏರಿಸುತ್ತಿದ್ದ. ಮೇಫೇರಿನವರು ಗಾಡಿ ಇದೆ ಅಂತ ಸ್ಟೇಷನ್ನಿಗೆ ಇಳಿಯಲಿಲ್ಲ, ನಮ್ಮವರು ಬಸ್ಸು ಬಂತು ಅಂತ ಹಾಲ್ಟಿಗೆ ಹೋಗಲಿಲ್ಲ. ಕಂಬನಿ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಆಮೇಲೆ ಹಳಿ ಅಗಲವಾಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದ ತನಕ ಬ್ರಾಡ್‌ಗೇಜ್ ಆಗಿ ರೈಲು ಓಡಿದ್ದು 2013ರಲ್ಲಿ. ದೊಡ್ಡ ಸ್ಟೇಷನ್ನುಗಳಿಗೆ ಹೊಸ ಕಟ್ಟಡ ಬಂತು, ಬೇಡದ ಹಾಲ್ಟ್‌ಗಳು ಹಿಂದೆ ಉಳಿದವು. ಬೆಂಗಳೂರಿನ ಕಡೆಯ ಭಾಗದ ಅದೃಷ್ಟ ಸ್ವಲ್ಪ ಚೆನ್ನಾಗಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ, ಈ ನಾಲ್ಕು ಕಡೆಯ ಹಳೇ ಕಲ್ಲು ಕಟ್ಟಡಗಳನ್ನು ಉಳಿಸಲು ಇಂಟ್ಯಾಕ್ ಸಂಸ್ಥೆ ರೈಲ್ವೆಯ ಜೊತೆ ಕೈಹಾಕಿತು. ಅದೇ ದಾರಿಯಲ್ಲಿ 2021ರಲ್ಲಿ ವಿಮಾನ ನಿಲ್ದಾಣಕ್ಕೆ ಅಂತ ಹೊಸ ಹಾಲ್ಟ್ ಕೂಡ ಹುಟ್ಟಿತು. ಚಿಂತಾಮಣಿ ಸೀಮೆಯ ಒಂದು ಕೋಣೆಯ ಹಾಲ್ಟ್ ಯಾರಿಗೆ ಬೇಕು?

ಅಮ್ಮ ಹುಡುಕಿದ್ದು

ಲಂಡನ್ನಿನಿಂದ ವಾಪಸ್ ಬಂದ ಮೇಲೆ ಅಮ್ಮನಿಗೆ ನನ್ನ ರೋಗ ತಗುಲಿತ್ತು. ‘ಆ ದೇಶದಲ್ಲಿ ಗೋಡೆ ನೋಡೋಕೆ ಅಷ್ಟು ದುಡ್ಡು ಕೊಟ್ಟೆ. ನಮ್ಮದು ಒಂದು ಸಲ ನೋಡೋಣ’ ಅಂತ ಶುರುಮಾಡಿದಳು. ಇವತ್ತು ನಾಳೆ ಅಂತ ಎರಡು ವರ್ಷ ತಳ್ಳಿದೆ. ಹೋದ ತಿಂಗಳು ಆ ಮೆಟ್ರೋ ಹುಡುಗನ ಪ್ರಶ್ನೆ ಕೇಳಿಸಿಕೊಂಡ ಮೇಲಿನ ಶನಿವಾರ, ಕೋಲಾರದಲ್ಲಿ ಚಿಕ್ಕಬಳ್ಳಾಪುರದ ಕಡೆಗಿನ ರೈಲು ಹತ್ತಿದೆವು. ಬುತ್ತಿಗೆ ಚಿತ್ರಾನ್ನ, ಮಜ್ಜಿಗೆ. ಅಮ್ಮನಿಗೆ ಕಿಟಕಿ ಸೀಟು.

ಶ್ರೀನಿವಾಸಪುರ ದಾಟುವ ತನಕ ಬರೀ ಮಾವಿನ ತೋಪು. ಆಮೇಲೆ ಅಮ್ಮ ಶುರುಮಾಡಿದಳು. ‘ಈಗ ಬರುತ್ತೆ ನೋಡು.’ ಬರಲಿಲ್ಲ. ‘ಆ ಗುಡ್ಡ ಆದಮೇಲೆ.’ ಆಗಲಿಲ್ಲ. ಗುಡ್ಡವೇ ಅರ್ಧ ಇರಲಿಲ್ಲ, ಕ್ರಷರ್‌ನವರು ಜಲ್ಲಿ ಮಾಡಿದ್ದರು. ಕೆರೆ ಇದ್ದ ಕಡೆ ನೀಲಗಿರಿ, ಹೊಲ ಇದ್ದ ಕಡೆ ಟೊಮೆಟೊ, ಬಯಲಿದ್ದ ಕಡೆ ಸೈಟು ಹಾಕಿ ಬಿಳಿ ಕಲ್ಲು ನೆಟ್ಟಿದ್ದಾರೆ. ಅಮ್ಮ ಗುರುತಿಟ್ಟುಕೊಂಡಿದ್ದ ಯಾವುದೂ ಅದರ ಜಾಗದಲ್ಲಿ ಇರಲಿಲ್ಲ. ನಾಲ್ಕು ಸಲ ತಪ್ಪು ಹೇಳಿ ಸುಮ್ಮನಾದಳು. ಕಣ್ಣು ಮುಚ್ಚಿಕೊಂಡಳು. ನಿದ್ದೆ ಬಂತೇನೋ ಅಂದುಕೊಂಡೆ.

ರೈಲು ಒಂದು ಮೋರಿ ದಾಟಿತು. ಹಳಿಯ ಸದ್ದು ಒಂದು ಗಳಿಗೆ ಟೊಳ್ಳಾಗಿ ಮತ್ತೆ ಗಟ್ಟಿಯಾಯಿತು. ಅಮ್ಮ ಕಣ್ಣು ಬಿಡದೆ ಕಾಲಲ್ಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಆಮೇಲೆ ಅವಳಿಗೇ ಆಶ್ಚರ್ಯವಾಗಿ ನನ್ನ ಮುಖ ನೋಡಿದಳು. ‘ಮೋರಿ ದಾಟಿದ ಮೇಲೆ ಚಪ್ಪಲಿ ಹಾಕ್ಕೊಳ್ಳಿ ಅಂತ ನಮ್ಮಪ್ಪ ಅನ್ನೋರು.’ ನಾನು ಬಾಗಿಲಿಗೆ ಓಡಿದೆ. ಹೊಸ ಹಳಿಯಿಂದ ನೂರು ಅಡಿ ಆಚೆ, ಲಂಟಾನ ಪೊದೆಯ ಹಿಂದೆ, ಹೆಂಚಿಲ್ಲದ ಒಂದು ಕಲ್ಲುಗೋಡೆ. ಲಂಡನ್ನಿನ ಗೋಡೆಯಷ್ಟೇ ಹೊತ್ತು ಕಂಡಿತು.

ಚಿಂತಾಮಣಿಯಲ್ಲಿ ಇಳಿದು ಆಟೋ ಮಾಡಿಕೊಂಡು ವಾಪಸ್ ಬಂದೆವು. ಆಟೋದವನಿಗೆ ಅಲ್ಲಿ ಸ್ಟೇಷನ್ ಇತ್ತು ಅಂತ ನಂಬಿಸುವುದಕ್ಕೇ ಹತ್ತು ನಿಮಿಷ ಬೇಕಾಯಿತು. ಕೋಣೆಯೊಳಗೆ ಯಾರೋ ಕುರಿಗೆ ಮೇವು ಒಟ್ಟಿದ್ದರು. ಟಿಕೆಟ್ ಗೂಡಿಗೆ ತಗಡು ಹೊಡೆದಿತ್ತು. ಕಲ್ಲು ಬೆಂಚು ಇತ್ತು. ಅದರ ಮೇಲೆ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ಅಮ್ಮ ಹೋದವಳೇ, ‘ಇಲ್ಲಿ ಬಾವಿ ಇತ್ತಲ್ಲ, ಎಲ್ಲಿ?’ ಅಂದಳು. ‘ಬಾವಿ ಆ ಕಡೆ ಇತ್ತಂತೆ, ನಾನು ಕಂಡಿಲ್ಲ’ ಅಂದಳು ಆಕೆ. ‘ಆ ಕಡೆ ಅಲ್ಲ, ಈ ಕಡೆ’ ಅಂದಳು ಅಮ್ಮ. ಹೀಗೆ ಸುಮಾರು ಹೊತ್ತು ನಡೆಯಿತು. ಕೊನೆಗೆ ಆಕೆ ಕೇಳಿದಳು, ‘ನೀವು ಯಾರ ಮನೆಯೋರಮ್ಮ?’ ಅಮ್ಮ ಹೇಳಿದಳು. ಆಕೆ ಒದ್ದೆ ಕೈ ಸೀರೆಗೆ ಒರೆಸಿಕೊ‌ಂಡಳು. ಅಮ್ಮನ ಜೊತೆ ಓದಿದವಳ ಸೊಸೆ. ಜಮೀನಿನ ಜಗಳ ಇರುವ ಮನೆಯಲ್ಲ, ಪುಣ್ಯಕ್ಕೆ.

ನಾನು ಫೋಟೋ ತೆಗೆಯುತ್ತಿದ್ದೆ. ಅವರಿಬ್ಬರೂ ಬೆಂಚಿನ ಮೇಲೆ ಒಗೆದ ಬಟ್ಟೆ ಸರಿಸಿ ಕೂತಿದ್ದರು. ಚಿತ್ರಾನ್ನ ಹಂಚಿಕೊಳ್ಳುತ್ತಿದ್ದರು. ಹಿಂದೆ ಹೊಸ ಹಳಿಯ ಮೇಲೆ ಇನ್ನೊಂದು ರೈಲು ಹಾರ್ನ್ ಹೊಡೆದುಕೊಂಡು ಹೋಯಿತು. ಇಬ್ಬರೂ ಮಾತು ನಿಲ್ಲಿಸಿ, ಅದು ಹೋಗುವ ತನಕ ಕಾದು, ಬಿಟ್ಟ ಕಡೆಯಿಂದ ಮುಂದುವರಿಸಿದರು.

ಅಷ್ಟರಲ್ಲಿ ತಂಗಿಯ ವಿಡಿಯೋ ಕಾಲ್ ಬಂತು. ಅಲ್ಲಿ ಇನ್ನೂ ಬೆಳಿಗ್ಗೆ, ಮಗು ಸೊಂಟದ ಮೇಲಿತ್ತು. ಅವಳಿಗೆ ಹಾಲ್ಟ್ ತೋರಿಸಿದೆ. ಅವಳು ಅದನ್ನು ಸರಿಯಾಗಿ ನೋಡಲೂ ಇಲ್ಲ, ತನ್ನದೇ ಸುದ್ದಿ ಹೇಳುವ ಅವಸರ. ‘ಅಣ್ಣಾ, ನಿನ್ನೆ ಸಂಜೆ ಗ್ರೀನ್ ಪಾರ್ಕ್ ಬಿಟ್ಟ ಮೇಲೆ ಸಿಗ್ನಲ್ ಇಲ್ಲ ಅಂತ ಟ್ರೈನ್ ನಿಂತುಬಿಡ್ತು. ನಾನು ಫೋನ್ ನೋಡ್ತಿದ್ದೆ. ತಲೆ ಎತ್ತಿದ್ರೆ ಎದುರಿಗೆ ಇಟ್ಟಿಗೆ ಗೋಡೆ! ಮಧ್ಯ ಒಂದು ಸಂದು. ಸಂದಿನಾಚೆ ಟಾರ್ಚ್ ಹಿಡ್ಕೊಂಡು ಜನ ನಿಂತಿದಾರೆ.’ ಲಂಡನ್ನಿನ ಸಾರಿಗೆ ಮ್ಯೂಸಿಯಂನವರು ಟಿಕೆಟ್ ಇಟ್ಟು ಆ ಮುಚ್ಚಿದ ಸ್ಟೇಷನ್ನಿನೊಳಗೆ ಜನರನ್ನು ಕರೆದುಕೊಂಡು ಹೋಗುತ್ತಾರೆ. ದರ ನೋಡಿ ನಾನು ಆಸೆ ಬಿಟ್ಟಿದ್ದೆ. ಅವರೇ ಇರಬೇಕು. ‘ಒಬ್ಬರು ನಮಗೆ ಕೈ ಆಡಿಸಿದ್ರು. ನಾನೂ ಆಡಿಸಿದೆ. ಎರಡು ನಿಮಿಷ ಹಂಗೇ ನೋಡ್ತಾ ನಿಂತಿದ್ವಿ. ಆಮೇಲೆ ಟ್ರೈನ್ ಹೊರಡ್ತು.’

ಅಮ್ಮ ಬೆಂಚಿನಿಂದ ಎದ್ದು ಬಂದು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

‘ಎಷ್ಟು ಜನ ಇದ್ರೇ?’

‘ಐದಾರು ಜನ. ಯಾಕಮ್ಮ?’

‘ಪಾಪ, ಕೈ ತೋರಿಸಿದ್ರಲ್ಲ. ರೈಲು ಹೆಂಗೂ ನಿಂತಿತ್ತು, ಹತ್ತಿಸ್ಕೊಳ್ಳಬಾರದಿತ್ತಾ?’